ಸಂಬಳದ ಫೋಲ್ಡರ್ ಎಲ್ಲರಿಗೂ ತೆರೆಯುತ್ತಿದೆ, ಎಕ್ಸೆಲ್ ಸೇವ್ ಆಗುತ್ತಿಲ್ಲ: ಸಣ್ಣ ಆಫೀಸ್ ಸರ್ವರ್‌ನ ಪರ್ಮಿಷನ್ ದೋಷ ಹುಡುಕುವುದು ಹೇಗೆ

ಸಣ್ಣ ಆಫೀಸಿನ ಸರ್ವರ್‌ನಲ್ಲಿ ಪರ್ಮಿಷನ್ ತೊಂದರೆ ಎರಡು ತರ ಬರುತ್ತದೆ. ಕೆಲಸ ಮಾಡಬೇಕಾದವರಿಗೆ ಫೈಲ್ ತೆರೆಯುವುದಿಲ್ಲ. ಇಲ್ಲವೇ ನೋಡಬಾರದವರಿಗೂ ತೆರೆದುಕೊಳ್ಳುತ್ತದೆ. ಮೊದಲನೆಯದಾದರೆ ಕೂಡಲೇ ಫೋನ್ ಬರುತ್ತದೆ: “ಸಾರ್, ಆಕ್ಸೆಸ್ ಡಿನೈಡ್ ಅಂತ ಬರ್ತಿದೆ.” ಎರಡನೆಯದಕ್ಕೆ ಯಾರೂ ಫೋನ್ ಮಾಡುವುದಿಲ್ಲ. ಅದು ವರ್ಷಗಟ್ಟಲೆ ಹಾಗೇ ಇರುತ್ತದೆ. ನನ್ನ ಲೆಕ್ಕದಲ್ಲಿ ಅದೇ ದೊಡ್ಡ ದೋಷ, ಮೊದಲು ಹುಡುಕಬೇಕಾದದ್ದೂ ಅದನ್ನೇ.

ಉದಾಹರಣೆಗೆ ಒಂದು ಆಡಿಟರ್ ಆಫೀಸ್ ಇಟ್ಟುಕೊಳ್ಳೋಣ. ಹತ್ತು ಹನ್ನೆರಡು ಜನ, ಒಂದು ವಿಂಡೋಸ್ ಸರ್ವರ್. ಎಲ್ಲ ಅಕೌಂಟ್‌ಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳುವ ಡೊಮೇನ್ ಇಲ್ಲ, ಬರೀ ವರ್ಕ್‌ಗ್ರೂಪ್, ಅಂದರೆ ಪ್ರತಿ ಯಂತ್ರಕ್ಕೂ ಅದರದೇ ಅಕೌಂಟ್‌ಗಳು. ಎಲ್ಲರ ಅಕೌಂಟ್ ಸರ್ವರ್‌ನಲ್ಲೇ ಮಾಡಿದ್ದಾರೆ. ಡಿ ಡ್ರೈವ್‌ನಲ್ಲಿ ‘ಡೇಟಾ’ ಅನ್ನುವ ಫೋಲ್ಡರ್ ಷೇರ್ ಆಗಿದೆ. ಅದರೊಳಗೆ ಕ್ಲೈಂಟ್ಸ್, ಜಿಎಸ್‌ಟಿ, ಟ್ಯಾಲಿ, ಸಂಬಳ ಎಂದು ನಾಲ್ಕು ಫೋಲ್ಡರ್. ನಮ್ಮಲ್ಲಿ ಬಹಳಷ್ಟು ಕಡೆ ಕಾಣುವುದು ಇದೇ ವ್ಯವಸ್ಥೆ.

ಇಂಥ ಕಡೆ ತೊಂದರೆ ಬಂದ ಕೂಡಲೇ ಕೈ ಹೋಗುವುದು ಟಿಕ್ ಬಾಕ್ಸ್‌ಗಳ ಮೇಲೆ. ಒಂದಕ್ಕೆ ಅಲೋ, ಇನ್ನೊಂದಕ್ಕೆ ಡಿನೈ, ಕೊನೆಗೆ ಬೇಸತ್ತು ‘ಎವ್ರಿವನ್ ಫುಲ್ ಕಂಟ್ರೋಲ್’. ದಯವಿಟ್ಟು ಹಾಗೆ ಮಾಡಬೇಡಿ. ಈಗ ಸಿಗುತ್ತಿರುವ ಅನುಮತಿ ಪರ್ಮಿಷನ್ ಪಟ್ಟಿಯ ಯಾವ ಸಾಲಿನಿಂದ ಬಂತು ಎಂದು ತೋರಿಸಲು ಆಗುವ ತನಕ ಯಾವುದನ್ನೂ ಬದಲಿಸಬೇಡಿ. ಈ ಬರಹದ ಉದ್ದಕ್ಕೂ ನಾವು ಹುಡುಕುವುದು ಆ ಒಂದು ಸಾಲನ್ನೇ.

ಮುಟ್ಟುವ ಮೊದಲು

ಇರುವ ಪರ್ಮಿಷನ್‌ಗಳನ್ನು ಒಂದು ಫೈಲ್‌ಗೆ ಉಳಿಸಿಕೊಳ್ಳಿ. ಅಡ್ಮಿನಿಸ್ಟ್ರೇಟರ್ ಆಗಿ ತೆರೆದ ಕಮಾಂಡ್ ಪ್ರಾಂಪ್ಟ್‌ನಲ್ಲಿ ಐಸಿಎಸಿಎಲ್‌ಎಸ್ (icacls) ಆಜ್ಞೆಗೆ ಡೇಟಾ ಫೋಲ್ಡರ್‌ನ ದಾರಿ ಕೊಟ್ಟು, ಸ್ಲ್ಯಾಶ್ ಸೇವ್, ಫೈಲ್ ಹೆಸರು, ಸ್ಲ್ಯಾಶ್ ಟಿ ಸೇರಿಸಿದರೆ ಒಳಗಿನದೆಲ್ಲ ದಾಖಲಾಗುತ್ತದೆ. ವಾಪಸ್ ತರುವಾಗ ಒಂದು ವಿಷಯ ನೆನಪಿರಲಿ. ಸ್ಲ್ಯಾಶ್ ರಿಸ್ಟೋರ್‌ಗೆ ಡೇಟಾ ಫೋಲ್ಡರ್‌ನ ದಾರಿ ಕೊಡಬಾರದು, ಅದರ ಮೇಲಿನ ಜಾಗ, ಅಂದರೆ ಡಿ ಡ್ರೈವ್‌ನ ಬೇರನ್ನು (ರೂಟ್) ಕೊಡಬೇಕು. ಷೇರ್ ಪರ್ಮಿಷನ್, ಅಂದರೆ ನೆಟ್‌ವರ್ಕ್‌ನಿಂದ ಬರುವವರಿಗೆ ಷೇರ್ ಮೇಲೆ ಹಾಕಿದ ಮಿತಿ, ಈ ಫೈಲ್‌ನಲ್ಲಿ ಬರುವುದಿಲ್ಲ. ಆ ಕಿಟಕಿಯ ಒಂದು ಫೋಟೋ ತೆಗೆದಿಟ್ಟುಕೊಳ್ಳಿ, ಸಾಕು.

ದಿನವನ್ನೂ ನೋಡಿಕೊಳ್ಳಿ. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್ 1, 20ಕ್ಕೆ ಜಿಎಸ್‌ಟಿಆರ್ 3ಬಿ ರಿಟರ್ನ್ ಸಲ್ಲಿಸುವ ಆಫೀಸಿನಲ್ಲಿ ಆ ದಿನಗಳ ಹಿಂದೆ ಮುಂದೆ ಪರ್ಮಿಷನ್ ಮುಟ್ಟಿದರೆ ಜನರ ಕೆಲಸ ನಿಲ್ಲುತ್ತದೆ.

ಸರ್ವರ್ ಆ ವ್ಯಕ್ತಿಯನ್ನು ಯಾರೆಂದು ತಿಳಿದುಕೊಂಡಿದೆ?

ಮೊದಲ ಪರೀಕ್ಷೆ ಇದೇ ಆಗಲಿ. ಅರ್ಧಕ್ಕರ್ಧ ದೋಷ ಇಲ್ಲೇ ಸಿಕ್ಕಿಬಿಡುತ್ತದೆ. ರಿಸೆಪ್ಷನ್‌ನಲ್ಲಿ ಕೂತವರು ಸಂಬಳದ ಫೋಲ್ಡರ್ ತೆರೆಯುತ್ತಿದ್ದಾರೆ ಎಂದರೆ, ಅವರು ಯಾವ ಹೆಸರಿನಲ್ಲಿ ಸರ್ವರ್‌ಗೆ ಬಂದಿದ್ದಾರೆ ಅನ್ನುವುದು ಅವರ ಪಿಸಿ ಮುಂದೆ ನಿಂತರೆ ತಿಳಿಯುವುದಿಲ್ಲ. ಸರ್ವರ್‌ನಲ್ಲಿ ನೋಡಬೇಕು. ಅವರು ಫೋಲ್ಡರ್ ತೆರೆದಿಟ್ಟಿರುವಾಗಲೇ ‘ಕಂಪ್ಯೂಟರ್ ಮ್ಯಾನೇಜ್‌ಮೆಂಟ್’ ತೆರೆದು, ‘ಷೇರ್ಡ್ ಫೋಲ್ಡರ್ಸ್’ ಒಳಗಿನ ‘ಸೆಷನ್ಸ್’ ನೋಡಿ. ಯಾವ ಪಿಸಿಯಿಂದ ಯಾವ ಹೆಸರು ಬಂದಿದೆ ಎಂದು ಅಲ್ಲಿ ಸಾಲಾಗಿ ಕಾಣುತ್ತದೆ.

ರಿಸೆಪ್ಷನ್ ಪಿಸಿಯ ಎದುರು ‘ಅಡ್ಮಿನಿಸ್ಟ್ರೇಟರ್’ ಎಂದು ಬಂದರೆ ಇನ್ನು ಹುಡುಕುವುದೇ ಬೇಡ. ಹಿಂದೆ ಯಾವಾಗಲೋ ಪ್ರಿಂಟರ್ ಹಾಕುವಾಗ ಅಥವಾ ಡ್ರೈವ್ ಮ್ಯಾಪ್ ಮಾಡುವಾಗ ಯಾರೋ ಅಡ್ಮಿನ್ ಪಾಸ್‌ವರ್ಡ್ ಕೊಟ್ಟು ‘ರಿಮೆಂಬರ್ ಮೈ ಕ್ರೆಡೆನ್ಷಿಯಲ್ಸ್’ ಟಿಕ್ ಮಾಡಿದ್ದಾರೆ. ಅದು ಆ ಪಿಸಿಯ ‘ಕ್ರೆಡೆನ್ಷಿಯಲ್ ಮ್ಯಾನೇಜರ್’ನಲ್ಲಿ ಕೂತಿದೆ. ಅಲ್ಲಿಂದ ತೆಗೆಯಿರಿ. ಆಮೇಲೆ ಅವರಿಗೆ ಫೈಲ್‌ಗಳನ್ನು ಸೇವ್ ಮಾಡಲು ಹೇಳಿ, ಸರ್ವರ್‌ನಿಂದ ಆ ಸೆಷನ್ ಮುಚ್ಚಿ. ಪಿಸಿಯನ್ನೂ ಒಮ್ಮೆ ಸೈನ್ ಔಟ್ ಮಾಡಿಸಿ. ಮುಂದಿನ ಸಲ ಅವರದೇ ಹೆಸರು, ಪಾಸ್‌ವರ್ಡ್ ಕೊಡಲಿ. ಹಳೆಯ ಸಂಪರ್ಕ ಇನ್ನೂ ತೆರೆದಿರುವಾಗ ಬೇರೆ ಹೆಸರಿನಲ್ಲಿ ಹೋಗಲು ನೋಡಿದರೆ 1219 ಎಂಬ ಎರರ್ ಬರುತ್ತದೆ. ಒಂದೇ ಸರ್ವರ್‌ಗೆ ಒಂದೇ ಸಮಯದಲ್ಲಿ ಎರಡು ಹೆಸರಲ್ಲಿ ಬರಬೇಡಿ ಎಂದು ಅದರ ಅರ್ಥ. ಅದಾದ ಮೇಲೆ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಒಂದು ಪಿಸಿಯಲ್ಲಿ ಉಳಿದಿತ್ತು ಎಂದರೆ ಇನ್ನೂ ಕೆಲವು ಕಡೆ ಇದ್ದೇ ಇರುತ್ತದೆ, ಅಲ್ವಾ?

ಸೆಷನ್ಸ್ ಪಟ್ಟಿಯಲ್ಲಿ ‘ಗೆಸ್ಟ್’ ಕಂಡರೆ ಅದು ಬೇರೆ ಕತೆ. ಸರ್ವರ್‌ನಲ್ಲಿ ಪಾಸ್‌ವರ್ಡ್ ರಕ್ಷಣೆಯ ಷೇರಿಂಗ್ ಆಫ್ ಆಗಿದೆ, ಗೆಸ್ಟ್ ಅಕೌಂಟ್ ತೆರೆದಿದೆ. ಸರ್ವರ್‌ಗೆ ಪರಿಚಯವೇ ಇಲ್ಲದ ಹೆಸರಿನವರು ಗೆಸ್ಟ್ ಆಗಿ ಒಳಗೆ ಬರುತ್ತಿದ್ದಾರೆ. ಇಲ್ಲಿ ಒಂದು ವಿಚಿತ್ರ ಲಕ್ಷಣ ನೋಡಿ: ಹಳೆಯ ಪಿಸಿಗಳೆಲ್ಲ ಸಲೀಸಾಗಿ ತೆರೆಯುತ್ತವೆ, ಹೊಸದಾಗಿ ತಂದ ವಿಂಡೋಸ್ 11 ಪಿಸಿ ಮಾತ್ರ ತೆರೆಯುವುದಿಲ್ಲ. ಹೊಸ ವಿಂಡೋಸ್ ಗೆಸ್ಟ್ ಲಾಗಿನ್ ಅನ್ನು ತಾನಾಗಿಯೇ ಬೇಡ ಎನ್ನುತ್ತದೆ. ಜನ ಆ ಹೊಸ ಪಿಸಿಯ ಸೆಟ್ಟಿಂಗ್ ಸಡಿಲ ಮಾಡಿ ಮುಗಿಸುತ್ತಾರೆ. ಸರಿ ಇರುವುದು ಆ ಪಿಸಿ ಒಂದೇ. ಗೆಸ್ಟ್ ಮುಚ್ಚಿ, ಎಲ್ಲರಿಗೂ ಅವರವರ ಅಕೌಂಟ್ ಕೊಡಿ.

ಹೆಸರು ಸರಿಯಾಗಿಯೇ ಇದ್ದರೆ, ಆ ಹೆಸರು ಯಾವ ಗುಂಪುಗಳಲ್ಲಿದೆ ಎಂದು ನೋಡಿ. ‘ಲೋಕಲ್ ಯೂಸರ್ಸ್ ಅಂಡ್ ಗ್ರೂಪ್ಸ್’ನಲ್ಲಿ ಮೊದಲು ಅಡ್ಮಿನಿಸ್ಟ್ರೇಟರ್ಸ್ ಗುಂಪನ್ನು ತೆರೆಯಿರಿ. ಯಾವುದೋ ಸಾಫ್ಟ್‌ವೇರ್ ನಡೆಯಲಿಲ್ಲ ಎಂದು ಯಾರನ್ನೋ ಅಲ್ಲಿ ಸೇರಿಸಿ ಮರೆತಿರುತ್ತಾರೆ. ಅವರು ಅಲ್ಲಿರುವ ತನಕ ನೀವು ಹಾಕುವ ಯಾವ ನಿರ್ಬಂಧಕ್ಕೂ ಅರ್ಥವಿಲ್ಲ. ‘ಬ್ಯಾಕಪ್ ಆಪರೇಟರ್ಸ್’ ಗುಂಪನ್ನೂ ನೋಡಿ. ಬ್ಯಾಕಪ್ ಹೆಸರಿನಲ್ಲಿ ಯಾವ ಫೈಲ್ ಬೇಕಾದರೂ ಓದುವ ಹಕ್ಕು ಅವರಿಗಿದೆ.

ಇನ್ನೊಂದು ಮಾತು. ಗುಂಪು ಬದಲಿಸಿದ ತಕ್ಷಣ ಫಲ ಕಾಣುವುದಿಲ್ಲ. ಸಂಪರ್ಕ ಶುರುವಾದಾಗಲೇ ಸರ್ವರ್ ಆ ಬಳಕೆದಾರರ ಗುಂಪುಗಳ ಪಟ್ಟಿ ಮಾಡಿ ಇಟ್ಟುಕೊಳ್ಳುತ್ತದೆ. ಬೆಳಿಗ್ಗೆ ಕೊಟ್ಟ ಗೇಟ್ ಪಾಸ್ ಇದ್ದ ಹಾಗೆ, ಆಮೇಲೆ ರಿಜಿಸ್ಟರ್ ತಿದ್ದಿದರೂ ಕೈಯಲ್ಲಿರುವ ಪಾಸ್ ಹಳೆಯದೇ. ವರ್ಕ್‌ಗ್ರೂಪ್‌ನಲ್ಲಿ ಸೆಷನ್ ಮುಚ್ಚಿ ಮತ್ತೆ ತೆರೆಸಿದರೆ ಸಾಕು. ಡೊಮೇನ್ ಇರುವ ಕಡೆ ಬಳಕೆದಾರರು ಸೈನ್ ಔಟ್ ಆಗಿ ಮತ್ತೆ ಬರಬೇಕು. ಅಲ್ಲಿನ ಗೇಟ್ ಪಾಸ್ ಆದ ಕರ್ಬೆರೋಸ್ ಟಿಕೆಟ್ ಸಾಮಾನ್ಯವಾಗಿ 10 ಗಂಟೆ ಬಾಳುತ್ತದೆ. “ಗುಂಪಿಗೆ ಸೇರಿಸಿದೆ, ಏನೂ ಆಗಲಿಲ್ಲ, ಅದಕ್ಕೆ ಎವ್ರಿವನ್ ಕೊಟ್ಟೆ” ಅನ್ನುವ ಎಷ್ಟೋ ಪ್ರಸಂಗಗಳ ಮೂಲ ಇದೇ.

ನೆಟ್‌ವರ್ಕ್‌ನಲ್ಲಿ ಓದಲು ಮಾತ್ರ, ಸರ್ವರ್‌ನಲ್ಲಿ ಎಲ್ಲವೂ

ಫೋಲ್ಡರ್‌ನ ಸೆಕ್ಯುರಿಟಿ ಟ್ಯಾಬ್‌ನಲ್ಲಿ ಮಾಡಿಫೈ (ಓದುವ, ಬರೆಯುವ, ಅಳಿಸುವ ಹಕ್ಕು) ಕೊಟ್ಟಿದ್ದೀರಿ. ಆದರೂ ಫೈಲ್ ರೀಡ್ ಓನ್ಲಿ ಆಗಿ ತೆರೆಯುತ್ತಿದೆ. ಅದೇ ವ್ಯಕ್ತಿ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಬಂದರೆ ಬರೆಯಲು ಆಗುತ್ತದೆ. ಹೀಗಿದ್ದರೆ ಷೇರ್ ಪರ್ಮಿಷನ್ ನೋಡಿ. ನೆಟ್‌ವರ್ಕ್ ಮೂಲಕ ಬಂದಾಗ ಷೇರ್ ಮತ್ತು ಎನ್‌ಟಿಎಫ್‌ಎಸ್ (ಸೆಕ್ಯುರಿಟಿ ಟ್ಯಾಬ್‌ನ ಪರ್ಮಿಷನ್) ಎರಡರಲ್ಲೂ ಸಿಕ್ಕಿದ್ದಷ್ಟೇ ಸಿಗುತ್ತದೆ. ಸರ್ವರ್‌ನಲ್ಲೇ ಕೂತು ಡ್ರೈವ್ ತೆರೆದರೆ ಷೇರ್ ಪರ್ಮಿಷನ್ ಲೆಕ್ಕಕ್ಕೇ ಬರುವುದಿಲ್ಲ. ವಿಂಡೋಸ್ ಸರ್ವರ್ 2003ರಿಂದ ಈಚೆಗೆ ಹೊಸ ಷೇರ್ ಮಾಡಿದಾಗ ತಾನಾಗಿ ಬರುವುದು ಎವ್ರಿವನ್‌ಗೆ ರೀಡ್ ಮಾತ್ರ. ಅದನ್ನು ಯಾರೂ ಬದಲಿಸಿರುವುದಿಲ್ಲ.

ನನ್ನ ಸಲಹೆ: ಷೇರ್‌ನಲ್ಲಿ ಎವ್ರಿವನ್ ತೆಗೆದು ‘ಆಥೆಂಟಿಕೇಟೆಡ್ ಯೂಸರ್ಸ್’ಗೆ ಚೇಂಜ್, ಅಡ್ಮಿನಿಸ್ಟ್ರೇಟರ್ಸ್‌ಗೆ ಫುಲ್ ಕಂಟ್ರೋಲ್ ಕೊಡಿ. ಉಳಿದ ಬಿಗಿಯೆಲ್ಲ ಎನ್‌ಟಿಎಫ್‌ಎಸ್‌ನಲ್ಲಿ ಮಾಡಿ. ಎಲ್ಲರಿಗೂ ಫುಲ್ ಕಂಟ್ರೋಲ್ ಬೇಡ, ಅದಕ್ಕೆ ಗಟ್ಟಿ ಕಾರಣವಿದೆ. ಫೈಲ್ ಮಾಡಿದವರು ಅದರ ಓನರ್ ಆಗುತ್ತಾರೆ. ಓನರ್‌ಗೆ ಆ ಫೈಲ್‌ನ ಪರ್ಮಿಷನ್ ಬದಲಿಸುವ ಹಕ್ಕು ತಾನಾಗಿ ಬರುತ್ತದೆ. ಷೇರ್‌ನಲ್ಲಿ ಚೇಂಜ್ ಮಾತ್ರ ಇದ್ದರೆ ನೆಟ್‌ವರ್ಕ್‌ನಿಂದ ಆ ಹಕ್ಕು ನಡೆಯುವುದಿಲ್ಲ.

ಸಂಬಳದ ಫೋಲ್ಡರ್ ಯಾಕೆ ತೆರೆಯುತ್ತದೆ?

ಹೆಸರು ಸರಿ, ಗುಂಪು ಸರಿ, ಆದರೂ ತೆರೆಯುತ್ತಿದೆ. ಈಗ ಸಂಬಳ ಫೋಲ್ಡರ್‌ನ ಪ್ರಾಪರ್ಟೀಸ್, ಸೆಕ್ಯುರಿಟಿ, ಅಡ್ವಾನ್ಸ್ಡ್‌ಗೆ ಹೋಗಿ. ಇಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಕಾಲಂ ‘ಇನ್ಹೆರಿಟೆಡ್ ಫ್ರಮ್’. ಪ್ರತಿ ಸಾಲೂ ಎಲ್ಲಿಂದ ಇಳಿದು ಬಂದಿದೆ ಎಂದು ಅದು ಹೇಳುತ್ತದೆ. ಹೆಚ್ಚಾಗಿ ಅಲ್ಲಿ ‘ಯೂಸರ್ಸ್’ ಹೆಸರಿನಲ್ಲಿ ಕೆಲವು ಸಾಲು, ಎದುರಿಗೆ ಡಿ ಡ್ರೈವ್ ಎಂದು ಇರುತ್ತದೆ.

ಇದು ಯಾರದೋ ಕಿತಾಪತಿ ಅಲ್ಲ. ಸರ್ವರ್‌ನಲ್ಲಿ ಹೊಸ ಡ್ರೈವ್ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಬೇರಿನಲ್ಲೇ ಯೂಸರ್ಸ್ ಗುಂಪಿಗೆ ಓದುವ, ಹೊಸ ಫೋಲ್ಡರ್ ಮಾಡುವ ಅನುಮತಿ ಕೊಟ್ಟಿರುತ್ತದೆ. ಸರ್ವರ್‌ನಲ್ಲಿ ಹೊಸ ಅಕೌಂಟ್ ಮಾಡಿದರೆ ಅದು ನೇರವಾಗಿ ಯೂಸರ್ಸ್ ಗುಂಪಿಗೆ ಸೇರುತ್ತದೆ. ಎರಡನ್ನೂ ಕೂಡಿಸಿ ನೋಡಿ. ನೀವು ಪಾರ್ಟ್‌ನರ್ ಒಬ್ಬರಿಗೇ ಅಂತ ಸಾಲು ಸೇರಿಸಿದ್ದೀರಿ, ಮೇಲಿನಿಂದ ಇಳಿದ ಸಾಲು ಎಲ್ಲರಿಗೂ ಓದಲು ಬಿಟ್ಟಿದೆ. ಅಲೋ ಸಾಲುಗಳು ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಒಬ್ಬರಿಗೆ ಕೊಟ್ಟ ಮಾತ್ರಕ್ಕೆ ಉಳಿದವರಿಂದ ಕಿತ್ತುಕೊಂಡ ಹಾಗೆ ಆಗುವುದಿಲ್ಲ.

ಇಲ್ಲಿ ಡಿನೈ ಹಾಕುವ ಆಸೆ ಬರುತ್ತದೆ. ಯೂಸರ್ಸ್ ಗುಂಪಿಗೆ ಡಿನೈ ಹಾಕಿದರೆ ಆ ಗುಂಪಿನಲ್ಲೇ ಇರುವ ಪಾರ್ಟ್‌ನರ್‌ಗೂ ಬಾಗಿಲು ಮುಚ್ಚುತ್ತದೆ. ಎವ್ರಿವನ್‌ಗೆ ಹಾಕಿದರೆ ಅಡ್ಮಿನ್‌ಗೂ, ಬ್ಯಾಕಪ್ ಓಡಿಸುವ ಅಕೌಂಟ್‌ಗೂ ತೊಂದರೆ. ಅದಕ್ಕಿಂತ ಅಪಾಯದ್ದು ಇನ್ನೊಂದಿದೆ. ಡಿನೈ ಯಾವಾಗಲೂ ಗೆಲ್ಲುತ್ತದೆ ಎಂದು ಬಹಳ ಜನ ನಂಬಿದ್ದಾರೆ. ಹಾಗಿಲ್ಲ. ವಿಂಡೋಸ್ ಮೊದಲು ಆ ಫೋಲ್ಡರ್‌ನ ಮೇಲೇ ಹಾಕಿದ ಡಿನೈ ನೋಡುತ್ತದೆ, ಆಮೇಲೆ ಅಲ್ಲೇ ಹಾಕಿದ ಅಲೋ, ಅದರ ನಂತರ ಮೇಲಿನಿಂದ ಇಳಿದ ಡಿನೈ, ಕೊನೆಗೆ ಇಳಿದು ಬಂದ ಅಲೋ. ಅಂದರೆ ಮೇಲೆ ಡಿನೈ ಹಾಕಿ ನಿಶ್ಚಿಂತರಾಗಿದ್ದರೂ, ಒಳಗಿನ ಯಾವುದೋ ಫೈಲ್ ಮೇಲೆ ನೇರವಾದ ಒಂದು ಅಲೋ ಇದ್ದರೆ ಆ ಫೈಲ್ ತೆರೆಯುತ್ತದೆ. ಡಿನೈ ಕೈಬಿಡಿ. ಬೇಡದ ಅಲೋ ತೆಗೆಯುವುದೇ ಸರಿಯಾದ ದಾರಿ.

ಅದನ್ನು ಸಂಬಳ ಫೋಲ್ಡರ್‌ಗೆ ಮಾತ್ರ ಮಾಡುವ ಬದಲು ಒಂದು ಹೆಜ್ಜೆ ಮೇಲೆ, ಡೇಟಾ ಫೋಲ್ಡರ್‌ನಲ್ಲೇ ಮಾಡಿ. ಅಲ್ಲಿ ‘ಡಿಸೇಬಲ್ ಇನ್ಹೆರಿಟೆನ್ಸ್’ ಒತ್ತಿ. ಎರಡು ಆಯ್ಕೆ ಬರುತ್ತದೆ. ‘ಕನ್ವರ್ಟ್’ ಆಯ್ಕೆ ಮಾಡಿ. ‘ರಿಮೂವ್’ ಒತ್ತಿದರೆ ಇಳಿದು ಬಂದ ಸಾಲುಗಳೆಲ್ಲ ಹೋಗುತ್ತವೆ, ಜೊತೆಗೆ ಸಿಸ್ಟಮ್ (ವಿಂಡೋಸ್‌ನದೇ ಅಕೌಂಟ್) ಮತ್ತು ಅಡ್ಮಿನಿಸ್ಟ್ರೇಟರ್ಸ್ ಕೂಡ. ಕನ್ವರ್ಟ್ ಆದ ಮೇಲೆ ಆ ಎರಡನ್ನು ಉಳಿಸಿ. ಯೂಸರ್ಸ್‌ನ ಸಾಲುಗಳನ್ನೂ, ಫೈಲ್ ಮಾಡಿದವರಿಗೆ ಹಕ್ಕು ಕೊಡುವ ‘ಕ್ರಿಯೇಟರ್ ಓನರ್’ ಸಾಲನ್ನೂ ತೆಗೆಯಿರಿ. ಆಮೇಲೆ ಯೂಸರ್ಸ್‌ಗೆ ‘ರೀಡ್ ಅಂಡ್ ಎಕ್ಸಿಕ್ಯೂಟ್’ ಕೊಟ್ಟು, ಅನ್ವಯಿಸುವ ಜಾಗದಲ್ಲಿ ‘ದಿಸ್ ಫೋಲ್ಡರ್ ಓನ್ಲಿ’ ಆರಿಸಿ. ಈಗ ಎಲ್ಲರಿಗೂ ಡೇಟಾ ತೆರೆಯುತ್ತದೆ, ಒಳಗಿನ ನಾಲ್ಕೂ ಫೋಲ್ಡರ್‌ಗಳು ಅಡ್ಮಿನ್‌ಗಳನ್ನು ಮತ್ತು ನೇರವಾಗಿ ಸಾಲು ಇರುವವರನ್ನು ಬಿಟ್ಟು ಬೇರೆ ಯಾರಿಗೂ ತೆರೆಯುವುದಿಲ್ಲ. ಒಂದೊಂದಕ್ಕೂ ಒಂದೊಂದು ಗುಂಪು ಮಾಡಿ ಅನುಮತಿ ಕೊಡುತ್ತಾ ಬನ್ನಿ: ಜಿಎಸ್‌ಟಿ ಗುಂಪು, ಟ್ಯಾಲಿ ಗುಂಪು, ಸಂಬಳ ಗುಂಪು. ವ್ಯಕ್ತಿಯ ಹೆಸರಿಗೆ ನೇರವಾಗಿ ಯಾವತ್ತೂ ಕೊಡಬೇಡಿ. ಅವರು ಕೆಲಸ ಬಿಟ್ಟು ಅಕೌಂಟ್ ಅಳಿಸಿದ ಮೇಲೆ ಪಟ್ಟಿಯಲ್ಲಿ ‘ಅಕೌಂಟ್ ಅನ್‌ನೋನ್’ ಎಂದು ಉದ್ದದ ಅಂಕಿ ಉಳಿಯುತ್ತದೆ. ಯಾರು ಏನು ನೋಡುತ್ತಿದ್ದರು ಎಂದು ಆಮೇಲೆ ಯಾರಿಗೂ ಗೊತ್ತಾಗುವುದಿಲ್ಲ.

ಷೇರ್‌ನ ಸೆಟ್ಟಿಂಗ್‌ನಲ್ಲಿ ‘ಆಕ್ಸೆಸ್ ಬೇಸ್ಡ್ ಎನ್ಯೂಮರೇಷನ್’ ಆನ್ ಮಾಡಿದರೆ ಅನುಮತಿ ಇಲ್ಲದವರಿಗೆ ಸಂಬಳ ಅನ್ನುವ ಹೆಸರೇ ಕಾಣುವುದಿಲ್ಲ. ಆದರೆ ಇದು ಬೀಗವಲ್ಲ, ಪಟ್ಟಿಯಿಂದ ಮರೆ ಮಾಡುತ್ತದೆ ಅಷ್ಟೇ.

“ಸಾರ್, ಎಕ್ಸೆಲ್ ಸೇವ್ ಆಗ್ತಾ ಇಲ್ಲ”

ಇದು ಪದೇ ಪದೇ ಬರುವ ದೂರು. ಲಕ್ಷಣ ಸ್ಪಷ್ಟ. ಫೈಲ್ ತೆರೆಯುತ್ತದೆ. ತಿದ್ದಲೂ ಆಗುತ್ತದೆ. ಸೇವ್ ಒತ್ತಿದರೆ ಆಕ್ಸೆಸ್ ಡಿನೈಡ್. ಫೋಲ್ಡರ್‌ನಲ್ಲಿ ಮಾತ್ರ ಅರ್ಥವಿಲ್ಲದ ಹೆಸರಿನ, ಎಕ್ಸ್‌ಟೆನ್ಷನ್ ಇಲ್ಲದ ಅಥವಾ ಟಿಎಂಪಿ ಎಂದಿರುವ ಫೈಲ್‌ಗಳು ಸೇರುತ್ತಾ ಹೋಗುತ್ತವೆ. ಅದೇ ಫೋಲ್ಡರ್‌ನಲ್ಲಿ ನೋಟ್‌ಪ್ಯಾಡ್ ಫೈಲ್ ಸಲೀಸಾಗಿ ಸೇವ್ ಆಗುತ್ತದೆ.

ಕಾರಣ ಇದು. “ನಮ್ಮವರು ಫೈಲ್ ತಿದ್ದಲಿ, ಅಳಿಸಬಾರದು” ಎಂದು ಯಜಮಾನರು ಹೇಳಿರುತ್ತಾರೆ. ನೀವು ರೈಟ್ ಕೊಟ್ಟು ಡಿಲೀಟ್ ತೆಗೆದಿರುತ್ತೀರಿ. ಕೇಳಲು ಸರಿಯಾಗಿಯೇ ಇದೆ. ಆದರೆ ಎಕ್ಸೆಲ್ ಹಳೆಯ ಫೈಲ್‌ನ ಮೇಲೇ ಬರೆಯುವುದಿಲ್ಲ. ಅದೇ ಫೋಲ್ಡರ್‌ನಲ್ಲಿ ಒಂದು ತಾತ್ಕಾಲಿಕ ಫೈಲ್ ಮಾಡಿ ಎಲ್ಲವನ್ನೂ ಅದರಲ್ಲಿ ಬರೆಯುತ್ತದೆ. ಆಮೇಲೆ ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರು ಇಡುತ್ತದೆ. ಬರೆಯುವಾಗ ಕರೆಂಟ್ ಹೋದರೂ ಮೂಲ ಫೈಲ್ ಕೆಡದಿರಲಿ ಎಂದು ಈ ಏರ್ಪಾಡು. ಹೆಸರು ಬದಲಿಸುವುದಕ್ಕೂ, ಅಳಿಸುವುದಕ್ಕೂ ಡಿಲೀಟ್ ಹಕ್ಕು ಬೇಕು. ಅದು ಇಲ್ಲದಿದ್ದರೆ ತಾತ್ಕಾಲಿಕ ಫೈಲ್ ಅರ್ಧದಾರಿಯಲ್ಲೇ ಉಳಿಯುತ್ತದೆ. ವರ್ಡ್ ಕೂಡ ಹೀಗೇ ನಡೆದುಕೊಳ್ಳುತ್ತದೆ.

ಆದ್ದರಿಂದ ಆಫೀಸ್ ಫೈಲ್‌ಗಳಿಗೆ ಮಾಡಿಫೈ ಕೊಡಲೇಬೇಕು. ತಿದ್ದಬಹುದು ಅಳಿಸಬಾರದು ಅನ್ನುವುದು ಇಲ್ಲಿ ಆಗದ ಮಾತು. ಯಜಮಾನರಿಗೆ ಇದನ್ನು ನೇರವಾಗಿ ಹೇಳಿ. ಅಳಿಸಿಹೋಗುವ ಭಯಕ್ಕೆ ಉತ್ತರ ಬೇರೆ ಕಡೆ ಇದೆ. ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ‘ಷ್ಯಾಡೋ ಕಾಪೀಸ್’ ಆನ್ ಮಾಡಿದರೆ ಹಳೆಯ ಆವೃತ್ತಿಗಳು ಉಳಿಯುತ್ತವೆ. ಒಂದು ಡ್ರೈವ್‌ಗೆ 64ರ ತನಕ ಇಡಬಹುದು. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ‘ಪ್ರೀವಿಯಸ್ ವರ್ಷನ್ಸ್’ನಿಂದ ತೆಗೆದುಕೊಡಬಹುದು. ಇದು ಬ್ಯಾಕಪ್ ಅಲ್ಲ. ಸರ್ವರ್ ಡಿಸ್ಕ್ ಹೋದರೆ ಇದೂ ಹೋಗುತ್ತದೆ. ಹೊರಗಿನ ಬ್ಯಾಕಪ್ ಬೇಕೇ ಬೇಕು.

ಒಂದನ್ನು ಮಾತ್ರ ಪರ್ಮಿಷನ್‌ನಿಂದಲೇ ತಡೆಯಬಹುದು. ಮೌಸ್ ಜಾರಿ ಇಡೀ ಜಿಎಸ್‌ಟಿ ಫೋಲ್ಡರ್ ಪಕ್ಕದ ಕ್ಲೈಂಟ್ಸ್ ಒಳಗೆ ಹೋಗಿ ಬೀಳುವುದುಂಟು. ಜಿಎಸ್‌ಟಿ ಗುಂಪಿಗೆ ಎರಡು ಸಾಲು ಕೊಡಿ. ‘ಸಬ್‌ಫೋಲ್ಡರ್ಸ್ ಅಂಡ್ ಫೈಲ್ಸ್ ಓನ್ಲಿ’ಗೆ ಮಾಡಿಫೈ. ‘ದಿಸ್ ಫೋಲ್ಡರ್ ಓನ್ಲಿ’ಗೆ ಓದುವ, ಫೈಲ್ ಮಾಡುವ, ಫೋಲ್ಡರ್ ಮಾಡುವ ಹಕ್ಕು ಮಾತ್ರ. ಒಳಗೆ ಎಲ್ಲ ಕೆಲಸ ನಡೆಯುತ್ತದೆ, ಹೊರಗಿನ ಫೋಲ್ಡರ್ ಮಾತ್ರ ಕದಲುವುದಿಲ್ಲ.

ಟ್ಯಾಲಿ ಫೋಲ್ಡರ್

ಟ್ಯಾಲಿ ಡೇಟಾ ಇರುವ ಫೋಲ್ಡರ್‌ಗೆ ರೀಡ್ ಮಾತ್ರ ಕೊಟ್ಟರೆ ಕೆಲಸ ನಡೆಯುವುದಿಲ್ಲ. ಕಂಪನಿ ತೆರೆದು ಕೆಲಸ ಮಾಡುವ ಪ್ರತಿಯೊಬ್ಬರಿಗೂ ಮಾಡಿಫೈ ಬೇಕು. ಯಾರು ವೋಚರ್ ಹಾಕಬಹುದು, ಯಾರು ರಿಪೋರ್ಟ್ ನೋಡಬಹುದು ಅನ್ನುವುದನ್ನು ಟ್ಯಾಲಿಯ ಒಳಗಿನ ಯೂಸರ್ ಮತ್ತು ರೋಲ್‌ಗಳಲ್ಲೇ ಕಟ್ಟಬೇಕು. ಮಾಡಿಫೈ ಇರುವವರು ಡೇಟಾ ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಕಾಪಿ ಮಾಡಬಹುದು ಅನ್ನುವುದು ನಿಜ. ಆದ್ದರಿಂದ ಆಫೀಸಿನ ಸ್ವಂತ ಲೆಕ್ಕ ಇರುವ ಕಂಪನಿಯನ್ನು ಬೇರೆ ಫೋಲ್ಡರ್‌ನಲ್ಲಿಡಿ, ಬೇರೆ ಗುಂಪಿಗೆ ಕೊಡಿ. ಟ್ಯಾಲಿವಾಲ್ಟ್ ಪಾಸ್‌ವರ್ಡ್ ಹಾಕಿದರೆ ಡೇಟಾ ಎನ್‌ಕ್ರಿಪ್ಟ್ ಆಗುತ್ತದೆ. ಆದರೆ ಆ ಪಾಸ್‌ವರ್ಡ್ ಮರೆತರೆ ವಾಪಸ್ ಪಡೆಯುವ ದಾರಿಯಿಲ್ಲ.

ಎಲ್ಲರೂ ‘ಆಫೀಸ್’ ಅನ್ನುವ ಒಂದೇ ಲಾಗಿನ್ ಬಳಸುವ ಅಭ್ಯಾಸವನ್ನು ಇಲ್ಲಿ ನಿಲ್ಲಿಸಲೇಬೇಕು. 1 ಏಪ್ರಿಲ್ 2023ರಿಂದ ಕಂಪನಿಗಳು ಬಳಸುವ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರತಿ ಬದಲಾವಣೆಯ ದಾಖಲೆ ಉಳಿಯಬೇಕು ಎಂಬ ನಿಯಮವಿದೆ. ಎಲ್ಲ ಬದಲಾವಣೆಯೂ ‘ಆಫೀಸ್’ ಹೆಸರಿನಲ್ಲಿದ್ದರೆ ಆ ದಾಖಲೆ ಇದ್ದೂ ಉಪಯೋಗವಿಲ್ಲ.

ಒಂದೇ ಒಂದು ಫೈಲ್ ಹಠ ಮಾಡುತ್ತಿದ್ದರೆ

ಫೋಲ್ಡರ್‌ನಲ್ಲಿ ಎಲ್ಲ ಫೈಲ್ ಸರಿ, ಒಂದು ಮಾತ್ರ ತೆರೆಯುತ್ತಿಲ್ಲ. ಆ ಫೈಲ್ ಎಲ್ಲಿಂದ ಬಂತು ಎಂದು ಕೇಳಿ. ಕಾಪಿ ಮಾಡಿದ ಫೈಲ್ ಹೊಸ ಜಾಗದ ಪರ್ಮಿಷನ್ ಪಡೆಯುತ್ತದೆ. ಅದೇ ಡ್ರೈವ್‌ನೊಳಗೆ ಕಟ್ ಮಾಡಿ ಪೇಸ್ಟ್ ಮಾಡಿದ್ದು ಹಳೆಯ ಪರ್ಮಿಷನ್ ಹೊತ್ತುಕೊಂಡೇ ಬರುತ್ತದೆ. ಪಾರ್ಟ್‌ನರ್ ಸಂಬಳ ಫೋಲ್ಡರ್‌ನಿಂದ ಕ್ಲೈಂಟ್ಸ್‌ಗೆ ಎಳೆದು ಹಾಕಿದ ಫೈಲ್ ಅಲ್ಲಿ ಬೇರೆ ಯಾರಿಗೂ ತೆರೆಯುವುದಿಲ್ಲ. ಇದರ ಉಲ್ಟಾ ಹೆಚ್ಚು ಅಪಾಯದ್ದು. ಕ್ಲೈಂಟ್ಸ್‌ನಿಂದ ಸಂಬಳಕ್ಕೆ ಎಳೆದ ಫೈಲ್ ಮೊದಲಿನಂತೆ ಕ್ಲೈಂಟ್ಸ್ ಗುಂಪಿಗೆ ತೆರೆದೇ ಇರುತ್ತದೆ. ಸಂಬಳ ಫೋಲ್ಡರ್ ಮುಚ್ಚಿದೆಯಲ್ಲ ಎಂದು ಸುಮ್ನೆ ಇರಬೇಡಿ. ಪೂರ್ತಿ ದಾರಿ ಗೊತ್ತಿದ್ದವರು ಹೊರಗಿನ ಫೋಲ್ಡರ್‌ಗೆ ಅನುಮತಿ ಇಲ್ಲದೆಯೂ ಒಳಗಿನ ಫೈಲ್ ತೆರೆಯಬಹುದು. ಸರಿಪಡಿಸಲು ಐಸಿಎಸಿಎಲ್‌ಎಸ್‌ಗೆ ಆ ಫೈಲ್‌ನ ದಾರಿ ಕೊಟ್ಟು ಸ್ಲ್ಯಾಶ್ ರಿಸೆಟ್ ಸೇರಿಸಿ. ಈಗಿರುವ ಜಾಗದ ಪರ್ಮಿಷನ್ ಬಂದು ಕೂರುತ್ತದೆ.

ಪಟ್ಟಿಯಲ್ಲಿ ಯಾರೂ ಸೇರಿಸದ ಅಡ್ಮಿನ್ ಒಬ್ಬರ ಸ್ವಂತ ಹೆಸರು ಕಂಡರೆ ಅದಕ್ಕೂ ಕಾರಣವಿದೆ. ಸರ್ವರ್‌ನಲ್ಲಿ ಕೂತು ಮುಚ್ಚಿದ ಫೋಲ್ಡರ್ ತೆರೆದಾಗ, ಶಾಶ್ವತ ಅನುಮತಿಗೆ ‘ಕಂಟಿನ್ಯೂ’ ಒತ್ತಿ ಎಂಬ ಕಿಟಕಿ ಬರುತ್ತದೆ. ಒತ್ತಿದರೆ ಅವರ ಹೆಸರನ್ನು ವಿಂಡೋಸ್ ಪಟ್ಟಿಗೆ ಸೇರಿಸಿಯೇ ಬಿಡುತ್ತದೆ. ಮುಂದೆ ಅವರನ್ನು ಅಡ್ಮಿನ್ ಗುಂಪಿನಿಂದ ತೆಗೆದರೂ ಆ ಸಾಲು ಉಳಿಯುತ್ತದೆ. ಹೆಸರು ಅಳಿಸಿ, ಇನ್ನು ಮುಂದೆ ಆ ಕಿಟಕಿ ಬಂದಾಗ ಕ್ಯಾನ್ಸಲ್ ಒತ್ತುವಂತೆ ಹೇಳಿ.

ಪರೀಕ್ಷೆ ಮತ್ತು ದಾಖಲೆ

ಬದಲಾವಣೆ ಮಾಡಿದ ಮೇಲೆ ಅಡ್ವಾನ್ಸ್ಡ್ ಒಳಗಿನ ‘ಎಫೆಕ್ಟಿವ್ ಆಕ್ಸೆಸ್’ ಟ್ಯಾಬ್‌ನಲ್ಲಿ ಒಬ್ಬೊಬ್ಬರ ಹೆಸರು ಕೊಟ್ಟು ನೋಡಿ. ಅಷ್ಟಕ್ಕೇ ಬಿಡಬೇಡಿ. ಪ್ರತಿ ಗುಂಪಿನ ಒಬ್ಬರ ಪಿಸಿಯಲ್ಲಿ, ಅವರದೇ ಲಾಗಿನ್‌ನಲ್ಲಿ, ಎಕ್ಸೆಲ್ ಫೈಲ್ ಒಂದನ್ನು ತೆರೆದು, ತಿದ್ದಿ, ಸೇವ್ ಮಾಡಿಸಿ. ತೆರೆಯಬಾರದ ಫೋಲ್ಡರ್‌ನ ದಾರಿಯನ್ನೂ ಅಡ್ರೆಸ್ ಬಾರ್‌ನಲ್ಲಿ ಟೈಪ್ ಮಾಡಿಸಿ ನೋಡಿ.

ಯಾರು ಅಳಿಸಿದರು, ಯಾರು ತೆರೆದರು ಎಂದು ಮುಂದೆ ತಿಳಿಯಬೇಕಾದರೆ ಆಡಿಟಿಂಗ್ ಬೇಕು. ಇದಕ್ಕೆ ಎರಡು ಕಡೆ ಆನ್ ಮಾಡಬೇಕು: ಸೆಕ್ಯುರಿಟಿ ಪಾಲಿಸಿಯಲ್ಲಿ ‘ಆಡಿಟ್ ಫೈಲ್ ಸಿಸ್ಟಮ್’, ಆಮೇಲೆ ಆ ಫೋಲ್ಡರ್‌ನ ಅಡ್ವಾನ್ಸ್ಡ್‌ನಲ್ಲಿ ‘ಆಡಿಟಿಂಗ್’ ಟ್ಯಾಬ್. ಒಂದನ್ನೇ ಮಾಡಿ ಬಿಟ್ಟರೆ ಏನೂ ದಾಖಲಾಗುವುದಿಲ್ಲ. ಈವೆಂಟ್ ವ್ಯೂವರ್‌ನ ಸೆಕ್ಯುರಿಟಿ ಲಾಗ್‌ನಲ್ಲಿ ಈವೆಂಟ್ ಸಂಖ್ಯೆ 4663 ಅಂದರೆ ಫೈಲ್ ಮುಟ್ಟಿದ್ದು, 4660 ಅಂದರೆ ಅಳಿಸಿದ್ದು, 4670 ಅಂದರೆ ಪರ್ಮಿಷನ್ ಬದಲಿಸಿದ್ದು. 4660ರಲ್ಲಿ ಫೈಲ್ ಹೆಸರು ಇರುವುದಿಲ್ಲ. ಅದೇ ಹ್ಯಾಂಡಲ್ ಸಂಖ್ಯೆಯ 4663 ಹುಡುಕಿದರೆ ಹೆಸರು ಸಿಗುತ್ತದೆ. ಕ್ಲೈಂಟ್ಸ್‌ನಂಥ ದೊಡ್ಡ ಫೋಲ್ಡರ್‌ಗೆ ಅಳಿಸುವುದು ಮತ್ತು ಪರ್ಮಿಷನ್ ಬದಲಿಸುವುದನ್ನು ಮಾತ್ರ ಆರಿಸಿ. ಓದುವುದನ್ನೂ ಸೇರಿಸಿದರೆ ಲಾಗ್ ಬೇಗ ತುಂಬಿ ಹಳೆಯದೆಲ್ಲ ಅಳಿಸಿಹೋಗುತ್ತದೆ. ಸಂಬಳ ಫೋಲ್ಡರ್ ಒಂದಕ್ಕೆ ಓದುವುದನ್ನೂ ಆನ್ ಮಾಡಿಟ್ಟು, ಸೆಕ್ಯುರಿಟಿ ಲಾಗ್‌ನ ಗಾತ್ರವನ್ನು ಅದಕ್ಕೆ ತಕ್ಕಂತೆ ಹೆಚ್ಚಿಸಿ.